ಅಕ್ಕಿಯಲ್ಲಿಟ್ಟ ಲ್ಯಾಪ್‌ಟಾಪ್ ಎರಡು ವಾರ ನಡೆದು ಸತ್ತದ್ದೇಕೆ?

ಪ್ರಶ್ನೆ: ನಾನು ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಹೋದ ತಿಂಗಳು ಲ್ಯಾಪ್‌ಟಾಪಿನ ಕೀಬೋರ್ಡ್ ಮೇಲೆ ಅರ್ಧ ಲೋಟ ಚಹಾ ಚೆಲ್ಲಿತು. ಕೂಡಲೇ ಆಫ್ ಮಾಡಿ, ಬಟ್ಟೆಯಲ್ಲಿ ಒರೆಸಿ, ಮೂರು ದಿನ ಅಕ್ಕಿಯೊಳಗೆ ಹೂತಿಟ್ಟೆ. ನಾಲ್ಕನೇ ದಿನ ಆನ್ ಆಯಿತು. ಎರಡು ವಾರ ಏನೂ ತೊಂದರೆ ಇಲ್ಲದೆ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಪೂರ್ತಿ ಡೆಡ್. ಚಾರ್ಜರ್ ಹಾಕಿದರೂ ದೀಪ ಹತ್ತುವುದಿಲ್ಲ. ಒಂದು ಅಂಗಡಿಯವರು 'ಮದರ್‌ಬೋರ್ಡ್ ಹೋಗಿದೆ, ಹೊಸದು ಹಾಕಬೇಕು, 28,000 ಆಗುತ್ತದೆ' ಎಂದರು. ಇನ್ನೊಬ್ಬರು '6,500ಕ್ಕೆ ರಿಪೇರಿ ಮಾಡಿಕೊಡುತ್ತೇನೆ, ಆದರೆ ಗ್ಯಾರಂಟಿ ಕೇಳಬೇಡಿ' ಎನ್ನುತ್ತಾರೆ. ಲ್ಯಾಪ್‌ಟಾಪ್ ಕೊಂಡು ನಾಲ್ಕು ವರ್ಷವಾಯಿತು, ಆಗ 54,000 ಕೊಟ್ಟಿದ್ದೆವು. ಗಿರಣಿಯ ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ ಇದೆ. ಕೊನೆಯ ಬ್ಯಾಕಪ್ ತೆಗೆದು ತಿಂಗಳುಗಳೇ ಆದವು. ಮಾಲೀಕರಿಗೆ ಇನ್ನೂ ಹೇಳಿಲ್ಲ. ಒಣಗಿ ಸರಿಹೋದದ್ದು ಮತ್ತೆ ಯಾಕೆ ಕೆಟ್ಟಿತು? ಇಬ್ಬರಲ್ಲಿ ಯಾರ ಮಾತು ನಂಬಲಿ?

ಉತ್ತರ: ಮೊದಲು ಲೆಕ್ಕದ ವಿಷಯ ಮುಗಿಸೋಣ. ನಿಮಗೆ ರಾತ್ರಿ ನಿದ್ದೆ ಬಾರದಿರುವುದು ಅದಕ್ಕೇ ಅಂತ ಕಾಣುತ್ತದೆ. ಬೋರ್ಡ್ ಸತ್ತರೆ ಡೇಟಾ ಸತ್ತಂತಲ್ಲ. ನಾಲ್ಕು ವರ್ಷದ ಹಿಂದಿನ ಆ ಬೆಲೆಯ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎಸ್‌ಎಸ್‌ಡಿಯನ್ನು, ಅಂದರೆ ನಿಮ್ಮ ಫೈಲುಗಳೆಲ್ಲ ಕೂರುವ ಭಾಗವನ್ನು, ಬೋರ್ಡಿಗೆ ಬೆಸುಗೆ ಹಾಕಿರುವುದಿಲ್ಲ. ಚೂಯಿಂಗ್ ಗಮ್ ಪಟ್ಟಿಯಂಥ ಒಂದು ಕಾರ್ಡು, ಒಂದೇ ಸ್ಕ್ರೂನಲ್ಲಿ ಕೂತಿರುತ್ತದೆ. ಅದನ್ನು ಬಿಚ್ಚಿ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಯುಎಸ್‌ಬಿ ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಚುಚ್ಚಿದರೆ ಟ್ಯಾಲಿ ಫೋಲ್ಡರ್ ಸಿಗುತ್ತದೆ. ಅರ್ಧ ಗಂಟೆಯ ಕೆಲಸ. ಒಂದೇ ಒಂದು ತೊಡಕು ಬರಬಹುದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿರುವ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವ, ಸಾಧ್ಯತೆ ಇದೆ. ಆಗ ಬಿಟ್‌ಲಾಕರ್ ರಿಕವರಿ ಕೀ ಎಂಬ 48 ಅಂಕಿಯ ಸಂಖ್ಯೆ ಕೇಳುತ್ತದೆ. ಅದು ಅದೇ ಖಾತೆಯೊಳಗೆ ಇರುತ್ತದೆ, ಫೋನಿನಿಂದಲೂ ತೆಗೆದು ನೋಡಬಹುದು. ಯಾವ ಇಮೇಲ್‌ನಿಂದ ಲಾಗಿನ್ ಆಗಿದ್ದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಹೊಸದರಲ್ಲಿ ಲ್ಯಾಪ್‌ಟಾಪ್ ಸೆಟ್ ಮಾಡಿಕೊಟ್ಟ ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿಟ್ಟಿದ್ದ ಕೇಸುಗಳೂ ಬಳ್ಳಾರಿಯ ನನ್ನ ರಿಪೇರಿ ಟೇಬಲ್ಲಿಗೆ ಬಂದಿವೆ.

ರಿಪೇರಿ ಯಾರ ಕೈಗೆ ಕೊಟ್ಟರೂ ಸರಿ, ಕೊಡುವ ಮೊದಲು ಆ ಕಾರ್ಡು ನಿಮ್ಮ ಜೇಬಿನಲ್ಲಿರಲಿ. ಬೋರ್ಡಿಗೆ ಕರೆಂಟ್ ಕೊಟ್ಟು ಪರೀಕ್ಷೆ ಮಾಡಲು ಅದು ಬೇಕಾಗಿಲ್ಲ.

(ಮ್ಯಾಕ್‌ಬುಕ್ ಇರುವವರು ಈ ಮಾತನ್ನು ತಮಗೂ ಅನ್ವಯಿಸಿಕೊಳ್ಳಬೇಡಿ. 2018ರಿಂದೀಚಿನ ಬಹುತೇಕ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹದ ಚಿಪ್ ಬೋರ್ಡಿನಲ್ಲೇ ಬೆಸುಗೆಯಾಗಿರುತ್ತದೆ, ಅದರ ಬೀಗದ ಕೈ ಅದೇ ಬೋರ್ಡಿನ ಇನ್ನೊಂದು ಚಿಪ್‌ನಲ್ಲಿರುತ್ತದೆ. ಅಲ್ಲಿ ಬೋರ್ಡ್ ಬದಲಿಸಿದರೆ ಹಳೆಯ ಡೇಟಾ ಬೋರ್ಡಿನ ಜೊತೆಗೇ ಹೋಯಿತು. ಡೇಟಾ ಬೇಕೆಂದರೆ ಆ ಬೋರ್ಡನ್ನೇ ಬದುಕಿಸಬೇಕು.)

ಇನ್ನು ಅಕ್ಕಿ. ಕಾರಟಗಿ, ಗಂಗಾವತಿ ಕಡೆಯವರಿಗೆ ಅಕ್ಕಿಗೇನು ಬರ, ಮೂಟೆಗಟ್ಟಲೆ ಇರುತ್ತದೆ. ಅದಕ್ಕೇ ಏನೋ, ಆ ಭಾಗದಿಂದ ಬರುವ ಪ್ರತಿ ಎರಡನೇ ನೀರು ಬಿದ್ದ ಲ್ಯಾಪ್‌ಟಾಪ್ ಬಿಚ್ಚಿದಾಗ ಫ್ಯಾನಿನ ಸಂದಿಯಿಂದ ಸೋನಾ ಮಸೂರಿ ಉದುರುತ್ತದೆ. ಒಮ್ಮೆ ಅಂಗಡಿಯ ಹುಡುಗರ ಜೊತೆ ಪಂದ್ಯ ಕಟ್ಟಿ ನೋಡಿದೆ. ಒಂದೇ ಅಳತೆಯ ಎರಡು ಸ್ಪಂಜಿನ ತುಂಡು, ಎರಡಕ್ಕೂ ಅಷ್ಟೇ ನೀರು. ಒಂದನ್ನು ಅಕ್ಕಿ ಡಬ್ಬಿಯಲ್ಲಿ ಹೂತೆವು, ಇನ್ನೊಂದನ್ನು ಫ್ಯಾನಿನ ಕೆಳಗೆ ಟೇಬಲ್ ಮೇಲೆ ಬಿಟ್ಟೆವು. ಸಂಜೆ ಹೊತ್ತಿಗೆ ಟೇಬಲ್ ಮೇಲಿನದು ಗರಿಗರಿ, ಡಬ್ಬಿಯದು ಇನ್ನೂ ತಂಪು. ಆಪಲ್ ಕಂಪನಿಯೇ ತನ್ನ ಸಹಾಯ ಪುಟದಲ್ಲಿ, ಒದ್ದೆಯಾದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಹಾನಿ ಮಾಡಬಹುದು ಎಂದು ಬರೆದಿದೆ.

ಅಕ್ಕಿ ಚೆನ್ನಾಗಿ ಒಣಗಿಸುತ್ತದೆ ಎಂದೇ ಇಟ್ಟುಕೊಂಡರೂ ನಿಮ್ಮ ತೊಂದರೆ ತೀರುತ್ತಿರಲಿಲ್ಲ. ಚಹಾದಿಂದ ನೀರು ಹಾರಿಹೋದರೆ ಹಾಲು, ಸಕ್ಕರೆ, ನೀರಿನಲ್ಲಿದ್ದ ಲವಣ ಎಲ್ಲಿಗೆ ಹೋಗಬೇಕು? ಅಲ್ಲೇ ಕೂರುತ್ತವೆ. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಲ್ಲ, ಬೋರ್ಡಿನ ಮೇಲೂ ಅದೇ ಆಗುತ್ತದೆ, ಜೊತೆಗೆ ಸಕ್ಕರೆಯ ಅಂಟು ಬೇರೆ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಂದರೆ ನೀವು ಒಣಗಿತು ಅಂದುಕೊಂಡ ಜಾಗ ಮೋಡ ಮುಚ್ಚಿದ ದಿನ, ರಾತ್ರಿಯ ತಂಪಿಗೆ, ಮತ್ತೆ ಮತ್ತೆ ಜಿನುಗುತ್ತಲೇ ಇರುತ್ತದೆ.

ಬರೀ ಜಿನುಗಿದ್ದರೂ ಪರವಾಗಿರಲಿಲ್ಲ. ಅಲ್ಲಿ ಕರೆಂಟೂ ಇದೆ. ಆಫ್ ಮಾಡಿದ್ದೇನೆ ಅಂದಿರಿ. ಆದರೆ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಬಟನ್ ಒತ್ತಿ ಆಫ್ ಮಾಡಿದರೂ ಬೋರ್ಡಿನ ಕೆಲವು ಲೈನುಗಳಲ್ಲಿ ವೋಲ್ಟೇಜ್ ನಿಂತೇ ಇರುತ್ತದೆ. ಮೂರು ದಿನ ಅಕ್ಕಿಯೊಳಗಿದ್ದಾಗಲೂ ಇತ್ತು. ತೇವ, ಲವಣ, ಕರೆಂಟು ಮೂರೂ ಕೂಡಿದರೆ ಬೆಳ್ಳಿ ಲೇಪನದ ಅಂಗಡಿಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಪಾಸಿಟಿವ್ ಕಡೆಯ ಲೋಹ ಕರಗಿ ನೆಗೆಟಿವ್ ಕಡೆ ಹೋಗಿ ಕೂರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಪಿನ್‌ಗಳ ನಡುವೆ ಜರೀಗಿಡದ ಎಲೆಯಂತೆ ಲೋಹದ ಬೇರು ಹಬ್ಬಿರುತ್ತದೆ. ಆ ಪಿನ್‌ಗಳ ನಡುವಿನ ಅಂತರ ಅರ್ಧ ಮಿಲಿಮೀಟರೂ ಇರುವುದಿಲ್ಲ. ಒಂದು ಕಡೆ ತಾಮ್ರದ ಗೆರೆ ಸವೆದು ಕಡಿಯುತ್ತದೆ, ಇನ್ನೊಂದು ಕಡೆ ಬೇರು ಬೆಳೆದು ಮುಟ್ಟಬಾರದ್ದನ್ನು ಮುಟ್ಟುತ್ತದೆ. ಇದಕ್ಕೆ ಹಿಡಿಯುವ ಕಾಲವೇ ನಿಮ್ಮ ಆ ಎರಡು ವಾರ. ಲ್ಯಾಪ್‌ಟಾಪ್ ಸರಿಹೋಗಿ ಮತ್ತೆ ಕೆಟ್ಟದ್ದಲ್ಲ. ಚೆಲ್ಲಿದ ದಿನದಿಂದಲೂ ಕೆಡುತ್ತಲೇ ಇತ್ತು, ಮುಗಿದದ್ದು ಆ ಬೆಳಿಗ್ಗೆ.

ಚಹಾ ಪರವಾಗಿಲ್ಲ ಅನ್ನಬೇಕು. ಉಪ್ಪು ಹಾಕಿದ ಮಜ್ಜಿಗೆ ಚೆಲ್ಲಿದ್ದರೆ ಎರಡು ವಾರವೂ ಸಿಗುತ್ತಿರಲಿಲ್ಲ.

ಬಿಸಿಲಿಗೆ ಇಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕಪ್ಪು ಲ್ಯಾಪ್‌ಟಾಪ್ ಇಟ್ಟರೆ ಮೊದಲು ಉಬ್ಬುವುದು ಬ್ಯಾಟರಿ. ಹೇರ್ ಡ್ರೈಯರ್ ಇನ್ನೂ ಕೆಟ್ಟದ್ದು, ಮೇಲಿದ್ದ ದ್ರವವನ್ನು ಚಿಪ್‌ಗಳ ಅಡಿಗೆ ತಳ್ಳಿ ಅಲ್ಲೇ ಪಾಕ ಮಾಡಿಬಿಡುತ್ತದೆ.

ಇನ್ನು ಅಂಗಡಿಯವರ ಮಾತಿಗೆ ಬರೋಣ. 'ಬೋರ್ಡ್ ಹೋಗಿದೆ' ಅನ್ನುವುದು ರೋಗದ ಹೆಸರಲ್ಲ. ಅದನ್ನು ಹೇಳುವ ಮುಂಚೆ ಅವರು ಏನನ್ನು ಅಳೆದರು ಎಂಬುದು ಮುಖ್ಯ. ಇದನ್ನು ನಿಮ್ಮ ಕಾಲುವೆಯ ಲೆಕ್ಕದಲ್ಲೇ ಹೇಳುತ್ತೇನೆ, ತುಂಗಭದ್ರೆಯ ನೀರಿನ ರಾಜಕೀಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಚಾರ್ಜರ್ ಕೊಡುವುದು 19 ವೋಲ್ಟಿನ ಆಸುಪಾಸು. ಅದು ಡ್ಯಾಮ್ ಅಂದುಕೊಳ್ಳಿ. ಎರಡು ಮಾಸ್ಫೆಟ್‌ಗಳೆಂಬ ಗೇಟು ದಾಟಿ ಅದು ಮುಖ್ಯ ಲೈನಿಗೆ ಬರುತ್ತದೆ, ಅದೇ ಎಡದಂಡೆ ಕಾಲುವೆ. ಅಲ್ಲಿಂದ ಮೊದಲು ಎರಡು ಸಣ್ಣ ಕಾಲುವೆ ಹೊರಡುತ್ತವೆ, 5 ವೋಲ್ಟ್ ಮತ್ತು 3.3 ವೋಲ್ಟ್. ಇವು ಲ್ಯಾಪ್‌ಟಾಪ್ ಆಫ್ ಇದ್ದಾಗಲೂ ಹರಿಯುತ್ತಿರುತ್ತವೆ. ಇವನ್ನು ಕುಡಿದು ಎಚ್ಚರ ಇರುವ ಒಂದು ಚಿಪ್ ಇದೆ, ನಾವು ಇಸಿ ಅನ್ನುತ್ತೇವೆ. ಅದು ನೀರಗಂಟಿ. ನೀವು ಪವರ್ ಬಟನ್ ಒತ್ತಿದಾಗ ಸುದ್ದಿ ಹೋಗುವುದು ಅವನಿಗೆ. ಅವನು ಒಂದೊಂದೇ ತೂಬು ತೆಗೆಯುತ್ತ ಹೋಗುತ್ತಾನೆ: ಚಿಪ್‌ಸೆಟ್ಟಿಗೆ, ರ್‍ಯಾಮ್‌ಗೆ 1.2 ವೋಲ್ಟ್, ಕಟ್ಟಕಡೆಗೆ ಪ್ರೊಸೆಸರಿಗೆ 1 ವೋಲ್ಟಿನ ಹತ್ತಿರ. ಒಂದು ಮಡಿ ತುಂಬಿದೆ ಎಂಬ ಸುದ್ದಿ ಬಂದ ಮೇಲೆಯೇ ಮುಂದಿನ ತೂಬು. ನಡುವೆ ಒಬ್ಬ ಸುದ್ದಿ ಕೊಡದಿದ್ದರೆ ಕೆಳಗಿನವರಿಗೆಲ್ಲ ನೀರಿಲ್ಲ, ಸಿರವಾರ, ಮಾನ್ವಿ ಕಡೆಯ ಕೊನೆ ಭಾಗದ ರೈತರ ಹಾಗೆ.

ಹಾಗಾಗಿ 'ಆನ್ ಆಗುವುದಿಲ್ಲ' ಎಂಬ ಒಂದೇ ಲಕ್ಷಣಕ್ಕೆ ಹತ್ತಿಪ್ಪತ್ತು ಕಾರಣಗಳಿರುತ್ತವೆ. ಎಲ್ಲಿಯವರೆಗೆ ನೀರು ಬಂದಿದೆ ಅಂತ ಮೇಲಿನಿಂದ ನೋಡುತ್ತ ಬರುವುದೇ ನಮ್ಮ ಕೆಲಸ.

ಇದರಲ್ಲಿ ಎರಡು ಬಗೆ. ಒಂದು, ಗೇಟೇ ತೆರೆಯದೆ ನೀರು ಬಾರದಿರುವುದು. ಇನ್ನೊಂದು, ನೀರು ಬಂದರೂ ಒಂದು ಕಡೆ ಒಡೆದು ಹರಿದುಹೋಗುವುದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಿತ್ತು ಗೇಟು ಕೊಚ್ಚಿಹೋದಾಗ ಏನಾಯಿತು ನೆನಪಿಸಿಕೊಳ್ಳಿ. ಆ ಒಂದು ಗೇಟಿಗಾಗಿ ಇಡೀ ಜಲಾಶಯದ ಮಟ್ಟ ಇಳಿಯಿತು. ನಾವು 'ಶಾರ್ಟ್' ಅನ್ನುವುದು ಅದನ್ನೇ. ಮುಖ್ಯ ಲೈನಿನ ಮೇಲೆ ಗಸಗಸೆ ಕಾಳಿನಷ್ಟು, ಸಾಸಿವೆಯಷ್ಟು, ಕರೆಂಟನ್ನು ತುಸು ಹೊತ್ತು ಹಿಡಿದಿಡುವ ಕೆಪ್ಯಾಸಿಟರ್‌ಗಳು ಡಜನ್‌ಗಟ್ಟಲೆ ಇರುತ್ತವೆ. ಅವುಗಳಲ್ಲಿ ಒಂದು ಒಳಗೇ ಬಿರಿದು ನೆಲಕ್ಕೆ, ಅಂದರೆ ಬೋರ್ಡಿನ ನೆಗೆಟಿವ್ ಕಡೆಗೆ, ದಾರಿ ಮಾಡಿಕೊಟ್ಟರೆ ಸಾಕು, ಬೋರ್ಡ್ ಪೂರ್ತಿ ಡೆಡ್. ಬೋರ್ಡಿನ ಉಳಿದ ಸಾವಿರ ಚಿಲ್ಲರೆ ಭಾಗಗಳು ಸರಿಯಾಗೇ ಇರುತ್ತವೆ.

ಅದನ್ನು ಹುಡುಕುವ ಬಗೆ ನೋಡಲು ಚಂದ. ಬ್ಯಾಟರಿ ಕಿತ್ತು, ಬೋರ್ಡನ್ನು ಹೊರಗೆ ತೆಗೆದು, ಮೀಟರಿನಿಂದ ಮುಖ್ಯ ಲೈನು ಮತ್ತು ನೆಲದ ನಡುವಿನ ಓಮ್, ಅಂದರೆ ಕರೆಂಟಿಗಿರುವ ತಡೆ, ನೋಡುತ್ತೇನೆ. ಸಾವಿರಗಟ್ಟಲೆ ಇರಬೇಕಾದದ್ದು ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಇದೆ. ಆಗ ವೋಲ್ಟ್, ಆಂಪಿಯರ್ ಬೇಕಾದಷ್ಟಕ್ಕೆ ಇಡಬಹುದಾದ ಡಿಸಿ ಸಪ್ಲೈ ಯಂತ್ರದಿಂದ ಆ ಲೈನಿಗೆ ಬರೀ 1 ವೋಲ್ಟ್ ಕೊಟ್ಟು, ಆಂಪಿಯರ್ ಮಿತಿಯನ್ನು ಮೆಲ್ಲಗೆ ಏರಿಸುತ್ತೇನೆ. ಬೋರ್ಡಿನ ಮೇಲೆ ಐಪಿಎ ಸುರಿದಿರುತ್ತೇನೆ, 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್. ಎಲ್ಲ ಕಡೆ ಒದ್ದೆ ಮಿಂಚುತ್ತಿರುವಾಗ ಒಂದು ಕಡೆ ಮಾತ್ರ ಚುಕ್ಕಿಯಷ್ಟು ಜಾಗ ಒಣಗಿ ಮಂಕಾಗುತ್ತದೆ, ಸುತ್ತಲೂ ಉಂಗುರದಂತೆ ಹಿಂಜರಿಯುತ್ತದೆ. ಕರೆಂಟೆಲ್ಲ ಅಲ್ಲಿ ನುಗ್ಗಿ ಬಿಸಿ ಮಾಡುತ್ತಿದೆ. ಕಳ್ಳ ಅವನೇ. ಹಾಟ್ ಏರ್ ಹಿಡಿದು ಅದನ್ನು ಎತ್ತಿ ತೆಗೆದರೆ ಮೀಟರ್ ಮತ್ತೆ ಸಾವಿರಕ್ಕೆ ಏರುತ್ತದೆ. ಥರ್ಮಲ್ ಕ್ಯಾಮೆರಾ ಬಂದ ಮೇಲೆ ಇದು ಇನ್ನೂ ಸಲೀಸಾಗಿದೆ, ಆದರೂ ನನಗೆ ಐಪಿಎ ಆಟವೇ ಇಷ್ಟ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು, ಯಾಕೆಂದರೆ ವೀಡಿಯೊ ನೋಡಿ ಮನೆಯಲ್ಲೇ ಮಾಡಿಕೊಂಡವರು ಬಂದಿದ್ದಾರೆ. ಯಾವ ಲೈನಿಗೆ ಎಷ್ಟು ವೋಲ್ಟ್ ಎಂಬುದು ಗೊತ್ತಿಲ್ಲದೆ 5 ವೋಲ್ಟ್ ಕೊಟ್ಟರೆ, ಅದು 1 ವೋಲ್ಟಿನ ಪ್ರೊಸೆಸರ್ ಲೈನ್ ಆಗಿದ್ದರೆ, ಅಲ್ಲಿಗೆ ಮುಗಿಯಿತು. ಇನ್ನೊಂದು ಸಾಮಾನ್ಯ ತಪ್ಪು ಅಂಗಡಿಗಳಲ್ಲೇ ಆಗುತ್ತದೆ. ಪ್ರೊಸೆಸರಿನ ಲೈನಿನಲ್ಲಿ ಒಂದೆರಡು ಓಮ್, ಕೆಲವೊಮ್ಮೆ ಅದಕ್ಕೂ ಕಡಿಮೆ ಬರುವುದು ಸಹಜ, ಅದರ ಸ್ವಭಾವವೇ ಹಾಗೆ. ಮೀಟರ್ ಕುಂಯ್ ಅಂದ ಕೂಡಲೇ 'ಪ್ರೊಸೆಸರ್ ಶಾರ್ಟ್, ಬೋರ್ಡ್ ವೇಸ್ಟ್' ಎಂದು ತೀರ್ಪು ಕೊಟ್ಟ ಬೋರ್ಡುಗಳನ್ನು ನಾನು ಕೈಯಾರೆ ನಡೆಸಿದ್ದೇನೆ.

ನಿಮ್ಮದರಲ್ಲಿ ಚಾರ್ಜರ್ ಹಾಕಿದರೂ ದೀಪ ಹತ್ತುವುದಿಲ್ಲ ಅಂದಿರಲ್ಲ, ಅದೇ ಲಕ್ಷಣದ ಒಂದು ಬೋರ್ಡಿನ ಕಥೆ ಹೇಳುತ್ತೇನೆ. ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಲ್ಯಾಪ್‌ಟಾಪ್ ಅದು. ಅವು ನನಗೆ ಬಿಚ್ಚಿದ ಕೂಡಲೇ ಗೊತ್ತಾಗುತ್ತವೆ, ಫ್ಯಾನಿನಲ್ಲಿ ನೀಲಿ ಹತ್ತಿ ಮೆತ್ತಿಕೊಂಡಿರುತ್ತದೆ. ಸಂಡೂರು, ತೋರಣಗಲ್ಲು ಕಡೆಯವಾದರೆ ಕೆಂಪು ಧೂಳು. ಆ ನೀಲಿ ಹತ್ತಿಯೇ ಚೆಲ್ಲಿದ ನೀರನ್ನು ಹೀರಿ ಹಿಡಿದುಕೊಂಡು ಕೂತಿತ್ತು. ನನ್ನ ಹತ್ತಿರ ಬರುವ ಮುಂಚೆ ಎರಡು ಕಡೆ ಹೋಗಿ ಬಂದಿತ್ತು, ಚಾರ್ಜರಿನ ಕರೆಂಟ್ ನೋಡಿಕೊಳ್ಳುವ ಚಿಪ್, ಅಂದರೆ ಚಾರ್ಜಿಂಗ್ ಐಸಿ, ಎರಡು ಸಲ ಬದಲಾಗಿತ್ತು, ಸುತ್ತ ಬೆಸುಗೆಗೆ ಹಚ್ಚುವ ಫ್ಲಕ್ಸ್ ಸುಟ್ಟ ಕಂದು ಕಲೆ.

ಡಿಸಿ ಸಪ್ಲೈನಿಂದ 19.5 ವೋಲ್ಟ್ ಕೊಟ್ಟೆ. ಆಂಪಿಯರ್ 0.00. ಇದು ಎರಡು ರೀತಿಯಲ್ಲಿ ಬರಬಹುದು: ಗೇಟು ತೆರೆದೇ ಇಲ್ಲ, ಅಥವಾ ಒಳಗೆ ಶಾರ್ಟ್ ಇರುವುದನ್ನು ಕಂಡು ಐಸಿಯೇ ಬಾಗಿಲು ಹಾಕಿಕೊಂಡಿದೆ. ಮುಖ್ಯ ಲೈನಿನ ಓಮ್ ನೋಡಿದೆ, ಸರಿಯಿದೆ, ಶಾರ್ಟ್ ಇಲ್ಲ. ಅಂದರೆ ಗೇಟು ತೆರೆಯುತ್ತಿಲ್ಲ. ಮೊದಲ ಮಾಸ್ಫೆಟ್‌ನ ಒಂದು ಬದಿಯಲ್ಲಿ 19.5 ಇದೆ, ಇನ್ನೊಂದು ಬದಿಯಲ್ಲಿ ಇಲ್ಲ. ಗೇಟು ತೆರೆಯಬೇಕಾದವನು ಚಾರ್ಜಿಂಗ್ ಐಸಿ. ಅವನು ಯಾಕೆ ತೆರೆಯುತ್ತಿಲ್ಲ? ಐಸಿಯದೇ ತಪ್ಪು ಅಂತ ಹಿಂದಿನವರು ಎರಡು ಸಲ ಬದಲಿಸಿದ್ದು ಇಲ್ಲೇ ಎಡವಿ. ಆ ಐಸಿಗೆ ಚಾರ್ಜರ್ ಬಂದಿದೆ ಎಂದು ತಿಳಿಸುವ ಒಂದು ಪಿನ್ ಇದೆ. ಎರಡು ರೆಸಿಸ್ಟರ್ ಸೇರಿ 19.5 ವೋಲ್ಟನ್ನು ಇಳಿಸಿ ಆ ಪಿನ್ನಿಗೆ ಕೊಡುತ್ತವೆ. ಅಲ್ಲಿ 2.4 ವೋಲ್ಟ್ ದಾಟಿದರೆ ಮಾತ್ರ ಐಸಿ ನಂಬುತ್ತದೆ. ಅಳೆದೆ: 0.95. ಪಾಪ, ಬಾಗಿಲಲ್ಲಿ ನೆಂಟರು ನಿಂತಿದ್ದಾರೆ ಅಂತ ಅದಕ್ಕೆ ಯಾರೂ ಹೇಳೇ ಇಲ್ಲ.

ಮೈಕ್ರೋಸ್ಕೋಪಿನಡಿ ಮೇಲಿನ ರೆಸಿಸ್ಟರ್ ನೋಡಿದರೆ ಹೊರಗಿಂದ ಚೆನ್ನಾಗೇ ಇದೆ. ಸೂಜಿಯಿಂದ ಮುಟ್ಟಿದಾಗ ತುದಿಯ ಬೆಸುಗೆಯಲ್ಲಿ ಹಸಿರು ಪುಡಿ ಉದುರಿತು. ಕಿತ್ತು ಅಳೆದರೆ 4.3 ಲಕ್ಷ ಓಮ್ ಇರಬೇಕಾದದ್ದು 13 ಲಕ್ಷ ತೋರಿಸುತ್ತಿದೆ. ಹಳೆಯ ಬೋರ್ಡೊಂದರಿಂದ ಅದೇ ಬೆಲೆಯದನ್ನು ತೆಗೆದು ಹಾಕಿದೆ. ಪಿನ್ನಿನಲ್ಲಿ 2.6 ಬಂತು, ಸಪ್ಲೈ 0.02 ಆಂಪಿಯರಿಗೆ ಏರಿತು, ಕಿತ್ತಳೆ ದೀಪ ಹತ್ತಿತು. ನಿಮ್ಮದೂ ಇದೇ ಅಂತ ಕಾಗದ ನೋಡಿ ಹೇಳಲಾರೆ. ಶಾರ್ಟ್ ಇರಬಹುದು, ಮಾಸ್ಫೆಟ್ ಇರಬಹುದು, ಚಾರ್ಜರ್ ಜ್ಯಾಕಿನ ವೈರೇ ಇರಬಹುದು. ಆದರೆ ಇಂಥ ಸಣ್ಣದೊಂದು ಕಾರಣಕ್ಕೂ ಬೋರ್ಡ್ ನಿಮ್ಮದರಷ್ಟೇ ಪೂರ್ತಿ ಸತ್ತಂತೆ ಕಾಣುತ್ತದೆ.

ಹಾಗಂತ ಎಲ್ಲವನ್ನೂ ಬದುಕಿಸಬಹುದು ಅಂತಲ್ಲ. ನಿಜವಾಗಿಯೂ ಹೋಗುವ ಬೋರ್ಡುಗಳಿವೆ. ಪ್ರೊಸೆಸರಿಗೆ ವೋಲ್ಟ್ ಇಳಿಸಿ ಕೊಡುವ ಮೇಲಿನ ಮಾಸ್ಫೆಟ್ ಶಾರ್ಟ್ ಆದರೆ 19 ವೋಲ್ಟ್ ನೇರ 1 ವೋಲ್ಟಿನ ಪ್ರೊಸೆಸರಿಗೆ ನುಗ್ಗುತ್ತದೆ, ಅಲ್ಲಿಗೆ ಬಿಟ್ಟುಬಿಡಬೇಕು. ಪರದೆಯ ಕೇಬಲ್ ಕೂರುವ ಕನೆಕ್ಟರಿನಲ್ಲಿ ದ್ರವ ನಿಂತರೂ ಅಪಾಯ, ಬ್ಯಾಕ್‌ಲೈಟಿನ ಹೆಚ್ಚಿನ ವೋಲ್ಟೇಜು ಪಕ್ಕದ ಡೇಟಾ ಪಿನ್ನಿಗೆ ಹಾರಿ ಒಳಗಿನ ಚಿಪ್ ಕೊಲ್ಲುತ್ತದೆ. ಬೋರ್ಡು ಮೇಲಿಂದ ನೋಡಲು ಒಂದೇ ಹಾಳೆ, ಒಳಗೆ ಎಂಟು ಹತ್ತು ಪದರ. ನಡುವಿನ ಪದರದಲ್ಲಿ ಸುಟ್ಟು ಕರಕಲಾದರೆ ಅದನ್ನು ಸರಿಮಾಡುವುದು ನನ್ನಿಂದಾಗದು. ದೊಡ್ಡ ಚಿಪ್‌ಗಳ ಅಡಿಯಲ್ಲಿ ತುಕ್ಕು ಹಿಡಿದಿದ್ದರೆ ಆಗಬಹುದು, ಆದರೆ ನಾಲ್ಕು ವರ್ಷದ ಲ್ಯಾಪ್‌ಟಾಪಿಗೆ ಅಷ್ಟು ಖರ್ಚು ಮಾಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

28,000ದ ಮಾತು ಬಿಟ್ಟುಬಿಡಿ. 54,000ದ ನಾಲ್ಕು ವರ್ಷದ ಯಂತ್ರಕ್ಕೆ ಅರ್ಧಕ್ಕಿಂತ ಹೆಚ್ಚು ದುಡ್ಡು ಹಾಕುವುದು ನಿಮಗೆ ಲೆಕ್ಕ ಕಲಿಸಬೇಕಾದ ವಿಷಯವಲ್ಲ. ಅದಲ್ಲದೆ ಹಳೆಯ ಮಾಡೆಲಿಗೆ 'ಹೊಸ ಬೋರ್ಡ್' ಅಂತ ಬರುವುದು ಎಷ್ಟೋ ಸಲ ಬೇರೆ ಲ್ಯಾಪ್‌ಟಾಪಿನಿಂದ ಕಿತ್ತು ತೊಳೆದದ್ದು. ಅದೂ ಯಾರ ಚಹಾ ಕುಡಿದಿದೆಯೋ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬಿಲ್ಲಿನ ಸಮೇತ ಹಾಕಿಸಿದರೆ ಆ ಭಯ ಕಡಿಮೆ, ಆದರೆ ದರ ಇಳಿಯುವುದಿಲ್ಲ. ವಾರಂಟಿ ಇದ್ದಿದ್ದರೂ ಸಾಮಾನ್ಯ ವಾರಂಟಿಯಲ್ಲಿ ದ್ರವ ಬಿದ್ದದ್ದಕ್ಕೆ ಹಣ ಕೊಡುವುದಿಲ್ಲ, ಅದಕ್ಕೆ ಬೇರೆ ಪ್ಲಾನ್ ಕೊಂಡಿರಬೇಕು. ನೀರು ತಾಗಿದರೆ ಬಿಳಿಯಿಂದ ಕೆಂಪಗಾಗುವ ಸಣ್ಣ ಸ್ಟಿಕ್ಕರ್ ಅನ್ನು ಕೆಲವು ಕಂಪನಿಗಳು ಒಳಗೇ ಅಂಟಿಸಿರುತ್ತವೆ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ದಾರಿ ಇಲ್ಲ.

6,500ದವರು ಗ್ಯಾರಂಟಿ ಕೊಡಲ್ಲ ಅಂದದ್ದಕ್ಕೆ ಅವರನ್ನು ಅನುಮಾನಿಸಬೇಡಿ. ದ್ರವ ಬಿದ್ದ ಬೋರ್ಡಿಗೆ ಒಂದು ವರ್ಷ ಗ್ಯಾರಂಟಿ ಅನ್ನುವವರ ಮೇಲೆ ನನಗೆ ಹೆಚ್ಚು ಅನುಮಾನ. ನಾನು ಕೊಡುವುದು ಮೂರು ತಿಂಗಳು, ಅದೂ ನಾನು ಕೈ ಹಾಕಿದ ಲೈನಿಗೆ ಮಾತ್ರ. ಮೂರು ವಾರದ ಮೇಲೆ ಕೀಬೋರ್ಡೋ ವೈಫೈಯೋ ಕೆಟ್ಟರೆ ಅದು ಬೇರೆ ಲೆಕ್ಕ, ಚಹಾ ಅಲ್ಲೂ ಹರಿದಿತ್ತಲ್ಲ. ಕೀಬೋರ್ಡ್ ಹೇಗೂ ಬದಲಿಸಬೇಕಾಗಬಹುದು, ಆ ಖರ್ಚು 6,500ರಲ್ಲಿ ಸೇರಿದೆಯೇ ಕೇಳಿ.

ಅವರ ಗ್ಯಾರಂಟಿಗಿಂತ ಅವರ ಕೆಲಸದ ರೀತಿ ಕೇಳಿಕೊಳ್ಳಿ. ಬೋರ್ಡ್ ತೊಳೆಯುತ್ತಾರಾ? ಕೆಟ್ಟ ಭಾಗ ಒಂದನ್ನು ಬದಲಿಸಿ ಉಳಿದ ಸಕ್ಕರೆಯನ್ನು ಹಾಗೇ ಬಿಟ್ಟರೆ ಇನ್ನೆರಡು ವಾರಕ್ಕೆ ಮತ್ತೆ ಅದೇ ಕಥೆ. ತೊಳೆಯುವುದೆಂದರೆ ಬ್ರಷ್ಷಿನಲ್ಲಿ ಎರಡು ಸಲ ಉಜ್ಜುವುದಲ್ಲ. ಲೋಹದ ಕವಚಗಳನ್ನು ಎತ್ತಿ, ಬೋರ್ಡಿಗೆಂದೇ ಇರುವ ದ್ರಾವಣದಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಿ, ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ, ಆಮೇಲೆ ಐಪಿಎಯಲ್ಲಿ ತೊಳೆದು, ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಬೇಕು. ನೀರು ಬಿದ್ದು ಕೆಟ್ಟದ್ದನ್ನು ಮತ್ತೆ ನೀರಿಗೆ ಹಾಕುತ್ತಾರಲ್ಲ ಅಂತ ಗಿರಾಕಿಗಳು ಬಾಯಿ ಬಿಡುತ್ತಾರೆ. ಕರೆಂಟ್ ಇಲ್ಲದ ಬೋರ್ಡಿಗೆ ಶುದ್ಧ ನೀರು ಏನೂ ಮಾಡುವುದಿಲ್ಲ. ತೊಟ್ಟಿಗೇ ಐಪಿಎ ಸುರಿಯುವವರಿದ್ದಾರೆ, ಅದು ಬೆಂಕಿ ಹತ್ತುವ ವಸ್ತು, ಅಂಥ ಅಂಗಡಿಯಿಂದ ದೂರವಿರಿ. ಕೊರೊನಾ ಕಾಲದ ಸ್ಯಾನಿಟೈಸರಿನಲ್ಲಿ ತೊಳೆದು ತಂದವರೂ ಇದ್ದಾರೆ. ಅದರಲ್ಲಿ ನೀರೂ ಇದೆ, ಅಂಟುವ ಜೆಲ್ಲೂ ಇದೆ.

ಮತ್ತೆ, ಅವರ ಹತ್ತಿರ ಆ ಬೋರ್ಡಿನ ಸ್ಕೀಮ್ಯಾಟಿಕ್, ಅಂದರೆ ಸರ್ಕ್ಯೂಟಿನ ನಕ್ಷೆ, ಇದೆಯಾ ಕೇಳಿ. ನಕ್ಷೆ ಇಲ್ಲದೆಯೂ ಕೆಲಸ ಮಾಡುವ ಹಳೆಯ ಕೈಗಳಿವೆ, ಆದರೆ ನಕ್ಷೆ ಇದ್ದರೆ ಊಹೆ ಕಡಿಮೆ. 'ಮುಖ್ಯ ಲೈನಿನಲ್ಲಿ ಶಾರ್ಟ್ ಇದೆಯಾ, ಸಪ್ಲೈನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತಿದೆ' ಅಂತ ಕೇಳಿದರೆ ಒಂದು ಅಂಕಿ ಹೇಳಬೇಕು. 'ಅದೆಲ್ಲ ನಿಮಗ್ಯಾಕ್ ಬಿಡ್ರಿ' ಅಂದರೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಬನ್ನಿ. ಪರೀಕ್ಷೆಗೆ ಐನೂರೋ ಎಂಟುನೂರೋ ಕೇಳಿದರೆ ಕೊಡಿ, ಅದು ನ್ಯಾಯ. 'ರಿಪೇರಿ ಆಗದಿದ್ದರೆ ಬೋರ್ಡ್ ಇದ್ದ ಹಾಗೇ ಕೊಡಬೇಕು' ಎಂದು ಮೊದಲೇ ಮಾತಾಡಿಕೊಂಡು, ಬೋರ್ಡಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ರ್‍ಯಾಮ್ ಕಡ್ಡಿಗಳ ಮೇಲಿನ ನಂಬರೂ ಬರಲಿ.

ರಿಪೇರಿಯೇ ಬೇಡ, ಎಸ್‌ಎಸ್‌ಡಿ ತೆಗೆದುಕೊಂಡು ಹಳೆಯ ಡೆಸ್ಕ್‌ಟಾಪೊಂದಕ್ಕೆ ಹಾಕಿ ಲೆಕ್ಕ ಮುಂದುವರಿಸುತ್ತೇನೆ ಅಂದರೂ ತಪ್ಪಿಲ್ಲ. ಗಿರಣಿಯ ಟೇಬಲ್ ಬಿಟ್ಟು ಎಲ್ಲೂ ಹೋಗದ ಲ್ಯಾಪ್‌ಟಾಪ್ ಆಗಿದ್ದರೆ ನಾನೇ ಅದನ್ನು ಹೇಳುತ್ತೇನೆ. ಹೊತ್ತು ತಿರುಗುವ ಯಂತ್ರವಾದರೆ 6,500 ಕೊಟ್ಟು ನೋಡುವುದಕ್ಕೆ ಅರ್ಥವಿದೆ. ಆದರೆ ಒಮ್ಮೆ ರಿಪೇರಿಯಾದ ಮೇಲೆ ಅದನ್ನು ಎರಡನೇ ಯಂತ್ರ ಅಂತಲೇ ಇಟ್ಟುಕೊಳ್ಳಿ, ಗಿರಣಿಯ ಏಕೈಕ ಲೆಕ್ಕದ ಪುಸ್ತಕ ಮಾಡಬೇಡಿ.

ಯಾವ ದಾರಿ ಹಿಡಿದರೂ ಬ್ಯಾಟರಿಯನ್ನು ಬಿಚ್ಚಿಸಿ ನೋಡಿ. ಅದರ ಮೇಲೆ ಚಹಾದ ಕಲೆ ಇದ್ದರೆ, ಸ್ವಲ್ಪ ಉಬ್ಬಿದಂತೆ ಕಂಡರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮತ್ತೆ ಹಾಕಿಸಬೇಡಿ. ಒತ್ತಿ ಚಪ್ಪಟೆ ಮಾಡಲು ಹೋಗಬೇಡಿ, ಚುಚ್ಚಬೇಡಿ, ಗೋಣಿಚೀಲಗಳ ಪಕ್ಕ ಇಡಬೇಡಿ. ಅಕ್ಕಿ ಗಿರಣಿಯಲ್ಲಿ ಹೊಟ್ಟಿನ ರಾಶಿ ಇರುತ್ತದೆ, ಬೆಂಕಿಯ ಮಾತು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮುಂದೆ ಯಾರದಾದರೂ ಲ್ಯಾಪ್‌ಟಾಪ್ ಮೇಲೆ ಚೆಲ್ಲಿದರೆ: ಚಾರ್ಜರ್ ಕೀಳಿ, ಆಫ್ ಆಗುವವರೆಗೆ ಪವರ್ ಬಟನ್ ಒತ್ತಿ ಹಿಡಿಯಿರಿ, ತೆರೆದು ಗುಡಾರದ ಹಾಗೆ ಬೋರಲು ನಿಲ್ಲಿಸಿ, ಅದೇ ದಿನ ಬಿಚ್ಚಿ ಬ್ಯಾಟರಿ ಕನೆಕ್ಟರ್ ಕಿತ್ತು ತೊಳೆಯುವವರ ಹತ್ತಿರ ಒಯ್ಯಿರಿ. ನಡೆಯುತ್ತದಾ ನೋಡೋಣ ಅಂತ ಆನ್ ಮಾಡುವ ಆಸೆ ಬರುತ್ತದೆ, ತಡೆಯಿರಿ. ಅದೇ ದಿನ ಬಂದರೆ ನನಗೆ ಬರೀ ತೊಳೆಯುವ ಕೆಲಸ.

ಮಾಲೀಕರಿಗೆ ಇವತ್ತೇ ಹೇಳಿಬಿಡಿ, ಆದರೆ ಎಸ್‌ಎಸ್‌ಡಿ ಕೈಗೆ ಬಂದು ಲೆಕ್ಕ ತೆರೆದ ಮೇಲೆ ಹೇಳಿದರೆ ಮಾತು ಸಲೀಸು. ಅದಕ್ಕಾಗಿ ಮೊದಲು ಆ ಇಮೇಲ್ ಹುಡುಕಿ, ರಿಕವರಿ ಕೀ ಸಿಕ್ಕರೆ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬೋರ್ಡ್ ಬಳ್ಳಾರಿಗೆ ತರುವುದಾದರೆ ಚಾರ್ಜರನ್ನೂ ತನ್ನಿ. ದೀಪ ಹತ್ತದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಕಡೆಗೆ ಕೆಟ್ಟಿದ್ದದ್ದು ಚಾರ್ಜರೇ.